ದಿನಾ ಕನ್ನಡ ಟೈಪ್ ಮಾಡೋರೇ, ಲಿಬ್ರೆಆಫೀಸ್ ಬೀಟಾನ ಒಂದ್ ಕೈ ನೋಡ್ರಿ

ನಮ್ ದಾವಣಗೆರೆಲಿ ಲಗ್ನಪತ್ರಿಕೆ, ಅರ್ಜಿ, ಕಾಲೇಜ್ ಪ್ರಾಜೆಕ್ಟ್ ರಿಪೋರ್ಟು ಅಂತ ಬೆಳಗಾದ್ರೆ ಕನ್ನಡ ಟೈಪ್ ಮಾಡೋ ಡಿಟಿಪಿಯೋರಿಗೇನೂ ಬರ ಇಲ್ಲ, ಆದ್ರೆ ಹೊಸ ಸಾಫ್ಟ್‌ವೇರ್ ರಿಲೀಸ್ ಆಗೋಕ್ ಮುಂಚೆ ಸ್ವಲ್ಪ ಟೆಸ್ಟ್ ಮಾಡ್ರಿ ಅಂದ್ರೆ ನಮಗ್ ಕೋಡಿಂಗ್ ಬರಲ್ರಿ ಅಂತಾರೆ. ಕೋಡಿಂಗ್ ಯಾರ್ ಕೇಳಿದ್ರು? ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ರೆ ಎಲ್ಲೋ ಕೂತಿರೋ ಡೆವಲಪರ್‌ಗೆ ಅದು ತಪ್ಪು ಅಂತಾನೇ ಗೊತ್ತಾಗಲ್ಲ, ನಮಗೆ ನೋಡಿದ್ ಕೂಡ್ಲೇ ಗೊತ್ತಾಗುತ್ತೆ.

ಲಿಬ್ರೆಆಫೀಸ್ ಅಂದ್ರೆ ಪುಕ್ಕಟೆ ಸಿಗೋ ಆಫೀಸ್ ಸಾಫ್ಟ್‌ವೇರು, ವರ್ಡ್ ಥರದ ರೈಟರ್, ಎಕ್ಸೆಲ್ ಥರದ ಕ್ಯಾಲ್ಕ್ ಎಲ್ಲ ಅದರಲ್ಲೇ ಇರ್ತಾವೆ. ವರ್ಷಕ್ಕೆ ಅದರದು ಎರಡು ದೊಡ್ಡ ಆವೃತ್ತಿ ಬರ್ತಾವೆ, ಹೆಚ್ಚುಕಮ್ಮಿ ಫೆಬ್ರವರಿ ಮತ್ತು ಆಗಸ್ಟ್‌ಗೆ. 24.8 ಅಂದ್ರೆ 2024ರ ಆಗಸ್ಟ್ ಅಂತ ಲೆಕ್ಕ. ಅದಕ್ಕೂ ಮೊದಲು ಟೆಸ್ಟ್ ಮಾಡೋಕಂತ ಆಲ್ಫಾ, ಬೀಟಾ ಅನ್ನೋ ಕಚ್ಚಾ ಆವೃತ್ತಿ, ಆಮೇಲೆ ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್, ಹೆಚ್ಚುಕಮ್ಮಿ ರೆಡಿ ಆಗಿರೋದು) ಬರ್ತಾವೆ. ಆಲ್ಫಾ ಬೀಟಾ ಎಲ್ಲ ಲಿಬ್ರೆಆಫೀಸ್‌ಡೆವ್ ಅನ್ನೋ ಹೆಸರಲ್ಲಿ ಬೇರೆಯಾಗೇ ಇನ್‌ಸ್ಟಾಲ್ ಆಗೋದ್ರಿಂದ ಹಳೇದು ಹಂಗೇ ಇರುತ್ತೆ, ಆದ್ರೆ ಆರ್‌ಸಿ ಹಂಗಲ್ಲ, ಅದು ಹಳೇದರ ಮೇಲೇ ಕೂರುತ್ತೆ, ಹಂಗಾಗಿ ಅಂಗಡಿ ಕಂಪ್ಯೂಟರ್‌ಗೆ ಅದನ್ನ ಹಾಕೋಕೆ ಹೋಗಬೇಡ್ರಿ. ಫೈಲೂ ಅಷ್ಟೆ, ಕಾಪಿ ಮಾಡ್ಕೊಂಡು ಕಾಪೀಲೇ ಆಟ ಆಡ್ರಿ, ಗಿರಾಕಿ ಫೈಲ್ ಬೀಟಾದಲ್ಲಿ ಸೇವ್ ಮಾಡಿ ಆಮೇಲೆ ಬಾಯಿ ಬಡ್ಕೊಂಡ್ರೆ ಯಾರೂ ಬರಲ್ಲ.

ಏನ್ ಟೆಸ್ಟ್ ಮಾಡೋದು ಅಂದ್ರೆ, ನಿಮ್ ದಿನದ ಕೆಲಸಾನೇ. ಒಂದು ಪುಟ ಟೈಪ್ ಮಾಡ್ರಿ, ಅದರಲ್ಲಿ ಸ್ತ್ರೀ, ರಾಷ್ಟ್ರ, ಕ್ಷೇತ್ರ, ಚಿತ್ರದುರ್ಗ ಇರಲಿ (ದುರ್ಗದ ಹೆಸರಲ್ಲೇ ತ್ರ ಒತ್ತೂ ಐತೆ, ಅರ್ಕಾವೊತ್ತೂ ಐತೆ, ಒಂದೇ ಏಟಿಗೆ ಎರಡೂ ಪರೀಕ್ಷೆ ಆಗುತ್ತೆ). ಸೂರ್ಯ ಪಕ್ಕದಲ್ಲಿ ರ‍್ಯಾಂಕ್ ಬರೀರಿ, ಎರಡರಲ್ಲೂ ರ ಮತ್ತು ಯ ಇದ್ರೂ ಒಂದರಲ್ಲಿ ಅರ್ಕಾವೊತ್ತು ಬರಬೇಕು, ಇನ್ನೊಂದರಲ್ಲಿ ರ ಕೆಳಗೆ ಯ ಒತ್ತು ಬರಬೇಕು, ಮಧ್ಯೆ ಕಣ್ಣಿಗೆ ಕಾಣದ ಜೋಡಕ ಒಂದು ಕೂತಿರುತ್ತೆ, ಎಷ್ಟೋ ಕಡೆ ಎಡವೋದು ಇಲ್ಲೇ. ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿದ್ರೆ ಏನೇನ್ ಹೋಗುತ್ತೆ, ಕರ್ಸರ್ ಅಕ್ಷರದ ಮಧ್ಯ ಸಿಕ್ಕಾಕ್ಕೊಳುತ್ತಾ ಅಂತ ನೋಡ್ರಿ. ಬೋಲ್ಡ್ ಮಾಡ್ರಿ, ಪಿಡಿಎಫ್ ಮಾಡಿ ಅದರಿಂದ ವಾಪಸ್ ಕಾಪಿ ಪೇಸ್ಟ್ ಮಾಡ್ರಿ, ಕ್ಯಾಲ್ಕ್‌ನಲ್ಲಿ ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ ಅಂತ ಹಾಕಿ ಸಾರ್ಟ್ ಕೊಡ್ರಿ, ಚ ಮೊದಲು ಬಂದು ಹ ಕೊನೆಗೆ ಹೋಯ್ತಾ ಅಂತ ನೋಡ್ರಿ.

ಕೆಲವೊಂದು ಬಗ್ (ಸಾಫ್ಟ್‌ವೇರಿನ ದೋಷ) ಥರ ಕಾಣುತ್ತೆ, ಬಗ್ ಅಲ್ಲ. ನುಡಿಯ ಹಳೇ ಆನ್ಸಿ (ಯುನಿಕೋಡ್ ಅಲ್ಲದ) ಫಾಂಟಿನ ಫೈಲ್ ತೆಗೆದ್ರೆ ಇಂಗ್ಲಿಷ್ ಕಸ ಕಂಡಿತು ಅಂದ್ರೆ ಆ ಫಾಂಟ್ ಇಲ್ಲ ಅಷ್ಟೆ. ಸ್ಟೈಲ್‌ನಲ್ಲಿ ಫಾಂಟ್ ಬದಲಾಯಿಸಿದ್ರೂ ಕನ್ನಡ ಬದಲಾಗಲಿಲ್ವಾ, ಅಲ್ಲಿ ಇಂಗ್ಲಿಷಿಗೆ ಒಂದು, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಅಂತ ಫಾಂಟ್ ಬೇರೆ ಬೇರೆ ಇರುತ್ತೆ.

ನಿಜವಾದ ಬಗ್ ಸಿಕ್ತು ಅನ್ಕೊಳ್ರಿ. ಮೊದಲು ಹಳೇ ಆವೃತ್ತೀಲಿ ಅದನ್ನೇ ಮಾಡಿ ನೋಡ್ರಿ, ಅಲ್ಲಿ ಸರಿ ಇದ್ದು ಇಲ್ಲಿ ಕೆಟ್ಟಿದ್ರೆ ಅದು ರಿಗ್ರೆಷನ್ನು, ಡೆವಲಪರ್‌ಗಳಿಗೆ ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಹುಡುಕೋಕೆ ದಾರಿ ಸಿಗುತ್ತೆ. ಆಮೇಲೆ ಬಗ್‌ಜಿಲ್ಲಾದಲ್ಲಿ (ಲಿಬ್ರೆಆಫೀಸ್ ಬಗ್‌ಗಳನ್ನ ದಾಖಲು ಮಾಡೋ ವೆಬ್‌ಸೈಟ್) ಯಾರಾದ್ರೂ ಆಗ್ಲೇ ಹಾಕಿದಾರಾ ಅಂತ ಹುಡುಕಿ, ಇಲ್ಲಾಂದ್ರೆ ನೀವು ಬರೀರಿ. ಕನ್ನಡ ಸರಿಯಾಗಿ ಬರ್ತಿಲ್ಲ ಅಂತ ಒಂದೇ ಸಾಲು ಬರೆದ್ರೆ ಯಾರಿಗೂ ಉಪಯೋಗ ಇಲ್ಲ. ಹಿಂಗ್ ಬರೀರಿ: ರೈಟರ್ ತೆಗೆದೆ, ನೋಟೋ ಸಾನ್ಸ್ ಕನ್ನಡ ಫಾಂಟ್ ಇಟ್ಟೆ, ರಾಷ್ಟ್ರ ಅಂತ ಟೈಪ್ ಮಾಡಿದೆ, ಬೋಲ್ಡ್ ಮಾಡಿದ್ ಕೂಡ್ಲೇ ರ ಒತ್ತು ಬಲಕ್ಕೆ ಸರೀತು, ಹಿಂಗಾಗಬಾರದಿತ್ತು. ಇಂಗ್ಲಿಷ್ ಮುರುಕಾಗಿದ್ರೂ ನಡೆಯುತ್ತೆ, ಆದ್ರೆ ತಪ್ಪಾಗಿ ಬಂದಿದ್ದು, ಸರಿಯಾಗಿ ಬರಬೇಕಾದ್ದು ಎರಡರ ಸ್ಕ್ರೀನ್‌ಶಾಟೂ ಇರಲೇಬೇಕು, ಓದೋರಿಗೆ ಕನ್ನಡ ಬರಲ್ವಲ್ಲ. ಹೆಲ್ಪ್ ಮೆನು ಒಳಗೆ ಅಬೌಟ್‌ಗೆ ಹೋದ್ರೆ ಆವೃತ್ತಿ ವಿವರ ಪೂರ್ತಿ ಕಾಪಿ ಮಾಡೋ ಬಟನ್ ಐತೆ, ಅದನ್ನೂ ಅಂಟಿಸ್ರಿ. ಫೈಲ್ ಲಗತ್ತಿಸೋದಾದ್ರೆ ಹೊಸದಾಗಿ ನಾಲ್ಕು ಸಾಲಿನದು ಮಾಡ್ರಿ, ಅಲ್ಲಿ ಹಾಕಿದ್ದು ಪ್ರಪಂಚಕ್ಕೆಲ್ಲ ಕಾಣುತ್ತೆ, ಗಿರಾಕಿ ಆಧಾರ್ ನಂಬರ್ ಇರೋ ಅರ್ಜಿ ಹಾಕ್ಬಿಟ್ಟೀರಿ ಮತ್ತೆ.

ಹಾಕಿದ ಬಗ್ ಮೊದಲು ಅನ್‌ಕನ್ಫರ್ಮ್ಡ್ ಅಂತಿರುತ್ತೆ, ಇನ್ನೊಬ್ರು ತಮ್ ಕಂಪ್ಯೂಟರ್‌ನಲ್ಲೂ ಹಂಗೇ ಆಯ್ತು ಅಂದ್ಮೇಲೇ ನ್ಯೂ ಆಗೋದು. ನನ್ ಕೇಳಿದ್ರೆ ಹೊಸಬರು ಶುರು ಮಾಡಬೇಕಾಗಿದ್ದು ಇಲ್ಲಿಂದಾನೇ: ಬೇರೆಯೋರು ಹಾಕಿದ ಬಗ್ ತಗೊಂಡು ನಿಮ್ಮಲ್ಲೂ ಆಗುತ್ತಾ ನೋಡಿ ಬರೀರಿ. ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜ್ ಹುಡುಗ್ರಿಗಂತೂ ಹೇಳಿ ಮಾಡಿಸಿದ ಕೆಲಸ. ನಿಮ್ ಬಗ್‌ಗೆ ನೀಡ್‌ಇನ್ಫೋ ಅಂತ ಬಿತ್ತು ಅಂದ್ರೆ ಏನೋ ವಿವರ ಕೇಳ್ತಿದಾರೆ ಅಂತ, ಬೇಗ ಉತ್ತರ ಕೊಡ್ರಿ, ತಿಂಗಳುಗಟ್ಟಲೆ ಸುಮ್ನಿದ್ರೆ ಕೊನೆಗೆ ಮುಚ್ಚಿಬಿಡ್ತಾರೆ. ಫಿಕ್ಸ್ ಆಯ್ತು ಅಂತ ಮೇಲ್ ಬಂದ್ರೆ ಆಮೇಲಿನ ಡೈಲಿ ಬಿಲ್ಡ್ (ದಿನಾ ತಯಾರಾಗೋ ಟೆಸ್ಟ್ ಆವೃತ್ತಿ) ಇಳಿಸ್ಕೊಂಡು ಅದೇ ನಾಲ್ಕು ಸಾಲಿನ ಫೈಲ್ ತೆಗೆದು ನೋಡ್ರಿ, ಸರಿ ಇದ್ರೆ ವೆರಿಫೈಡ್ ಅಂತ ಹಾಕ್ರಿ, ಇಲ್ಲಾಂದ್ರೆ ಆ ಬಗ್‌ನ ರೀಓಪನ್ ಮಾಡ್ರಿ.