ನೋಟಿಸ್ ಬೋರ್ಡಿನಿಂದ ಅರ್ಜಿಯವರೆಗೆ: ಕೊಡಗಿನ ಜೀವವಿಜ್ಞಾನ ವಿಭಾಗದಲ್ಲಿ ನನ್ನ ಅನುಭವ

ನಾನು ಕೊಡಗಿನಲ್ಲಿ ಬಿ.ಎಸ್ಸಿ, ಎಂ.ಎಸ್ಸಿ ವಿದ್ಯಾರ್ಥಿಗಳಿಗೆ ಜೀವವಿಜ್ಞಾನ ಪಾಠ ಮಾಡುತ್ತೇನೆ. ಪಾಠದ ಜೊತೆಗೆ ಇನ್ನೊಂದು ಕೆಲಸವೂ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ವಿಭಾಗಕ್ಕೆ ಬರುವ ಸುದ್ದಿಯನ್ನು, ಅವಕಾಶಗಳನ್ನು ಮಕ್ಕಳಿಗೆ ತಲುಪಿಸುವ ಕೆಲಸ. ಫೆಲೋಶಿಪ್, ಪ್ರವೇಶ ಪರೀಕ್ಷೆ, ಪ್ರಾಜೆಕ್ಟ್ ಸಹಾಯಕರ ಹುದ್ದೆ, ಬೇಸಿಗೆ ತರಬೇತಿ, ಯಾವುದೋ ಉಪನ್ಯಾಸ, ಹೀಗೆ ಏನಾದರೂ ಬರುತ್ತಲೇ ಇರುತ್ತದೆ. ಬೇರೆ ಕಾಲೇಜಿನ ಗೆಳೆಯರು ಕೆಲವರು "ನೀವು ಇದನ್ನ ಹೇಗೆ ಮಾಡ್ತೀರಿ?" ಎಂದು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಗೋಡೆಗೆ ನೋಟಿಸ್ ಅಂಟಿಸಿದ ಮಾತ್ರಕ್ಕೆ ಸುದ್ದಿ ತಲುಪುವುದಿಲ್ಲ. ಗ್ರೂಪಿಗೆ ಪಿಡಿಎಫ್ ಹಾಕಿದರೂ ಅಷ್ಟೇ. ನಮ್ಮಲ್ಲಿ ಮನೆಯಲ್ಲೇ ಮೊದಲಿಗರಾಗಿ ಡಿಗ್ರಿಗೆ ಬಂದವರು ಜಾಸ್ತಿ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವವರಿದ್ದಾರೆ, ಸಣ್ಣ ಬೆಳೆಗಾರರ ಮಕ್ಕಳಿದ್ದಾರೆ. ಉದ್ದದ ಇಂಗ್ಲಿಷ್ ಪ್ರಕಟಣೆಯನ್ನು ಮೊಬೈಲಿನಲ್ಲಿ ತೆರೆದು ಎರಡು ಪುಟ ನೋಡುತ್ತಾರೆ. ಇದೆಲ್ಲ ಬೆಂಗಳೂರಿನವರಿಗೆ ಎಂದುಕೊಂಡು ಮುಚ್ಚಿಬಿಡುತ್ತಾರೆ. ಆ ಮಗುವಿಗೆ ಅರ್ಹತೆ ಇರುತ್ತದೆ, ಅಂಕವೂ ಇರುತ್ತದೆ. ಇದು ನಿನಗೇ ಎಂದು ಹೇಳುವವರು ಮಾತ್ರ ಇರುವುದಿಲ್ಲ.

ಹಾಗಾಗಿ ಪ್ರತಿ ಪ್ರಕಟಣೆಯನ್ನೂ ನಾನು ಕನ್ನಡದಲ್ಲಿ ಅರ್ಧ ಪುಟಕ್ಕೆ ಇಳಿಸಿ ಬರೆಯುತ್ತೇನೆ. ಯಾರು ಅರ್ಜಿ ಹಾಕಬಹುದು, ಅಲ್ಲಿ ಹೋಗಿ ಮಾಡಬೇಕಾದ ಕೆಲಸ ಏನು, ನಮ್ಮ ಕೈಯಿಂದ ಎಷ್ಟು ಖರ್ಚು, ಅವರು ಎಷ್ಟು ಕೊಡುತ್ತಾರೆ, ಯಾವ ಕಾಗದ ಬೇಕು, ಇಷ್ಟು ಇದ್ದರೆ ಸಾಕು. ಕೊನೆಯ ದಿನಾಂಕವನ್ನು ಹತ್ತು ದಿನ ಮೊದಲಿನದಾಗಿ ಹಾಕುತ್ತೇನೆ, ಅದು ವಿಭಾಗದ ಗಡುವು ಎಂದು ಬರೆದೇ ಹಾಕುತ್ತೇನೆ. ಹಣದ ವಿಷಯವನ್ನು ಮುಚ್ಚಿಡುವುದಿಲ್ಲ. ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಪಿಎಚ್.ಡಿ ಮಾಡುವವರಿಗೆ ಕೊಡುವ ಫೆಲೋಶಿಪ್, ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಎಂದು ಹೇಳಿದ ದಿನ ತರಗತಿಯೇ ಸುಮ್ಮನಾಯಿತು. ಪಿಎಚ್.ಡಿ ಎಂದರೆ ನಾವೇ ದುಡ್ಡು ಕಟ್ಟಿ ಓದುವುದು ಎಂದು ಅರ್ಧ ಜನ ತಿಳಿದುಕೊಂಡಿದ್ದರು. ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇಕಡ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಅದು. ಬಿ.ಎಸ್ಸಿ ಮೊದಲ ವರ್ಷದವರು ಕಾಲೇಜಿಗೆ ಸೇರಿದ ಕೂಡಲೇ ಇದನ್ನು ಹೇಳಬೇಕು, ಎರಡನೇ ವರ್ಷದಲ್ಲಿ ಹೇಳಿ ಪ್ರಯೋಜನವಿಲ್ಲ.

ಇನ್ನು ಕ್ಯಾಲೆಂಡರ್ ವಿಷಯ. ಕೊಡಗಿನ ವರ್ಷವೇ ಬೇರೆ, ಅರ್ಜಿಗಳ ವರ್ಷವೇ ಬೇರೆ. ಎರಡೂ ಸರಿಯಾಗಿ ಢಿಕ್ಕಿ ಹೊಡೆಯುತ್ತವೆ. ಐಐಟಿಯಂಥ ಕಡೆ ಎಂ.ಎಸ್ಸಿ ಸೇರಲು ಬರೆಯುವ ಜ್ಯಾಮ್ ಪರೀಕ್ಷೆಯ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್ ಮೊದಲಲ್ಲಿ ತೆರೆದು ಅಕ್ಟೋಬರಿನಲ್ಲಿ ಮುಚ್ಚುತ್ತದೆ. ಪರೀಕ್ಷೆ ಫೆಬ್ರವರಿಯಲ್ಲಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ನವೆಂಬರ್ ಹೊತ್ತಿಗೆ ಅರ್ಜಿ ಮುಗಿದಿರಬೇಕು. ಅದೇ ಹೊತ್ತಿಗೆ ಇಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತದೆ. ಡಿಸೆಂಬರಿನಿಂದ ಅದರ ಕೊಯ್ಲು, ಆಮೇಲೆ ಇನ್ನೊಂದು ಬಗೆಯ ಕಾಫಿ ರೊಬಸ್ಟಾದ್ದು. ಕೂಲಿಯಾಳು ಸಿಗದ ಮನೆಗಳಲ್ಲಿ ಮಕ್ಕಳೇ ತೋಟಕ್ಕೆ ಇಳಿಯುತ್ತಾರೆ, ಕಣದಲ್ಲಿ ಕಾಫಿ ಹರಡುತ್ತಾರೆ. ಆಗ ಅವರನ್ನು ಕೂರಿಸಿ ಅರ್ಜಿ ಬರೆಸಲು ಆಗುವುದಿಲ್ಲ, ಬರೆಸಬಾರದು ಕೂಡ.

ಅದಕ್ಕೆ ನಾನು ದಿನಾಂಕಗಳನ್ನು ಊರಿನ ಹಬ್ಬಗಳಿಗೆ ಜೋಡಿಸಿದೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಮುಹೂರ್ತ ಮುಗಿಯಿತು ಎಂದರೆ ಜ್ಯಾಮ್ ಅರ್ಜಿ ಶುರು. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದೊಳಗೆ ಬೇಸಿಗೆ ಫೆಲೋಶಿಪ್‌ನ ಕರಡು ನನ್ನ ಮೇಜಿನ ಮೇಲಿರಬೇಕು. ಸುಗ್ಗಿಯ ಹಬ್ಬ ಹುತ್ತರಿ ಬಂದಾಗ ಕೈಯಲ್ಲಿ ಯಾವ ಅರ್ಜಿಯೂ ಬಾಕಿ ಇರಬಾರದು. ಕೊಡವರ ಮನೆಯವರಾಗಲಿ, ಅರೆಭಾಷೆಯವರಾಗಲಿ, ಮಲಯಾಳ ಮಾತಾಡುವವರಾಗಲಿ, ಇಲ್ಲಿ ಬೆಳೆದ ಎಲ್ಲರಿಗೂ ಈ ದಿನಗಳು ನೆನಪಿರುತ್ತವೆ. ಅಕ್ಟೋಬರ್ 12 ಎಂದರೆ ಮರೆತುಹೋಗುತ್ತದೆ, ಸಂಕ್ರಮಣದೊಳಗೆ ಎಂದರೆ ಮರೆಯುವುದಿಲ್ಲ.

ಮಳೆಗಾಲದ ಕಷ್ಟ ಇನ್ನೊಂದು. ಜೂನ್, ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಭಾಗಮಂಡಲ ಕಡೆಯ ಮಕ್ಕಳನ್ನು ಫೋನಿನಲ್ಲಿ ಹಿಡಿಯುವುದೇ ಕಷ್ಟ. ಆದ್ದರಿಂದ ಫೋಟೋ, ಸಹಿ, ಅಂಕಪಟ್ಟಿ, ಆಧಾರ್, ಎಲ್ಲದರ ಸ್ಕ್ಯಾನ್ ಪ್ರತಿಯನ್ನು ಮೇ ತಿಂಗಳಲ್ಲೇ ಮಾಡಿಸಿ, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಫೋಲ್ಡರ್ ಮಾಡಿಸುತ್ತೇನೆ. ಒಂದು ಪ್ರತಿ ಅವರ ಫೋನಿನಲ್ಲಿ, ಇನ್ನೊಂದು ಅವರದೇ ಪೆನ್‌ಡ್ರೈವ್‌ನಲ್ಲಿ. ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಪ್ರವರ್ಗ 2ಎ, 3ಎ ಎಂದು ನಾಡಕಚೇರಿಯಲ್ಲಿ ಕೊಡುವ ಪತ್ರ ರಾಜ್ಯದ್ದು. ನೆಟ್, ಜ್ಯಾಮ್‌ನಂಥ ಪರೀಕ್ಷೆಗೆ ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇಕು. ಕೇಂದ್ರದ ಪಟ್ಟಿಯೇ ಬೇರೆ. ಕೆನೆಪದರ ಅಲ್ಲ ಎಂದು ಇತ್ತೀಚಿನ ದಿನಾಂಕದಲ್ಲಿ ಇರಬೇಕು. ಇದನ್ನು ಕೊನೆಯ ವಾರದಲ್ಲಿ ಓಡಾಡಿ ತರಲು ಆಗುವುದಿಲ್ಲ, ಅಲ್ವಾ? ಇನ್ನೊಂದು ಸಣ್ಣ ವಿಷಯ: 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ಅದಕ್ಕೆ ಮೊದಲು ಅದು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಜಿಲ್ಲೆಯ ಹಳೆಯ ವಿದ್ಯಾರ್ಥಿಗಳು ಅರ್ಜಿ ತುಂಬುವಾಗ ಅಂಕಪಟ್ಟಿಯಲ್ಲಿ ಯಾವ ಹೆಸರಿದೆಯೋ ಅದನ್ನೇ ಹಾಕಬೇಕು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಬೇಸಿಗೆ ಫೆಲೋಶಿಪ್‌ಗೆ ಅಂಕಪಟ್ಟಿಯ ಜೊತೆ ಒಂದು ಬರಹ ಕೊಡಬೇಕು. ಯಾವ ವಿಷಯದಲ್ಲಿ ಕೆಲಸ ಮಾಡಬೇಕು ಅಂದುಕೊಂಡಿದ್ದೀರಿ, ಯಾಕೆ ಎಂದು. ಆಯ್ಕೆಯಾದರೆ ಎರಡು ತಿಂಗಳು ಒಳ್ಳೆಯ ಪ್ರಯೋಗಾಲಯದಲ್ಲಿ, ಹಿರಿಯ ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸ. ಸ್ಟೈಪೆಂಡ್ ಸಿಗುತ್ತದೆ, ಓಡಾಟದ ಖರ್ಚೂ ಸಿಗುತ್ತದೆ. ಎಲ್ಲವೂ ನಿಂತಿರುವುದು ಆ ಸಣ್ಣ ಬರಹದ ಮೇಲೆ. ಎಂ.ಎಸ್ಸಿ ಮೊದಲ ವರ್ಷದ ಒಬ್ಬ ಹುಡುಗಿ ತಂದ ಕರಡಿನಲ್ಲಿ ಚಿಕ್ಕಂದಿನಿಂದ ನನಗೆ ವಿಜ್ಞಾನದಲ್ಲಿ ಆಸಕ್ತಿ ಎಂದಿತ್ತು. ಎಲ್ಲರೂ ಬರೆಯುವುದು ಅದೇ. ನಾನು ಆ ಹಾಳೆಯನ್ನು ಪಕ್ಕಕ್ಕಿಟ್ಟೆ.

"ನಿಮ್ಮ ಅಪ್ಪ ತೋಟದಲ್ಲಿ ಏನು ಕೆಲಸ ಮಾಡ್ತಾರಮ್ಮ?"

"ಬೋರರ್ ಟ್ರೇಸಿಂಗ್‌ಗೆ ಹೋಗ್ತಾರೆ ಮೇಡಂ. ರಜೆ ಇದ್ದಾಗ ನಾನೂ ಹೋಗ್ತೀನಿ."

"ಬೋರರ್ ಇರೋ ಗಿಡ ನಿನಗೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಮೇಡಂ. ಕಾಂಡದ ಮೇಲೆ ಉಬ್ಬು ಗೆರೆ ಬರುತ್ತೆ. ಬಿಸಿಲು ಬೀಳೋ ಕಡೆ ಜಾಸ್ತಿ ಇರುತ್ತೆ."

ಬಿಳಿ ಕಾಂಡಕೊರಕ ಅರೇಬಿಕಾ ಬೆಳೆಗಾರರ ದೊಡ್ಡ ಶತ್ರು. ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ, ಬೇಸಿಗೆಯಲ್ಲಿ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಒಳಗೆ ಸುರಂಗ ಕೊರೆಯುತ್ತದೆ. ದುಂಬಿ ಹಾರುವ ಮೊದಲೇ ಹುಳು ಹಿಡಿದ ಗಿಡ ಹುಡುಕಿ ಕಿತ್ತು ಸುಡುವುದೇ ಟ್ರೇಸಿಂಗ್. ಈ ಹುಡುಗಿಗೆ ಅದರ ಜೀವನಚಕ್ರ ಪುಸ್ತಕಕ್ಕಿಂತ ಮೊದಲು ತೋಟದಲ್ಲೇ ತಿಳಿದಿತ್ತು. ಅದನ್ನು ಅವಳು ಕಲಿಕೆ ಎಂದು ಎಣಿಸಿರಲಿಲ್ಲ ಅಷ್ಟೇ. ಇದನ್ನೇ ಕನ್ನಡದಲ್ಲಿ ಬರಿ ಎಂದೆ. ನೆರಳು ಕಡಿಮೆಯಾದ ಕಡೆ ಹುಳು ಯಾಕೆ ಜಾಸ್ತಿ, ತೊಗಟೆ ಉಜ್ಜಿದ ಗಿಡದಲ್ಲಿ ಯಾಕೆ ಕಡಿಮೆ, ಎಂದೆಲ್ಲ ತಾನೇ ಪ್ರಶ್ನೆ ಹಾಕಿಕೊಂಡು ಬರೆದಳು. ಆಮೇಲೆ ಇಬ್ಬರೂ ಕೂತು ಇಂಗ್ಲಿಷಿಗೆ ತಂದೆವು. ಮಾತು ಅವಳದ್ದೇ, ವ್ಯಾಕರಣ ಮಾತ್ರ ನಾನು ನೋಡಿದ್ದು. ಅವಳಿಗೆ ಕೀಟಗಳ ಮೇಲೆ ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಸ್ಥಾನ ಸಿಕ್ಕಿತು. ಅಂದಿನಿಂದ ನಮ್ಮಲ್ಲಿ ಮೊದಲ ಕರಡು ಕನ್ನಡದಲ್ಲೇ ಆಗಬೇಕು ಎಂದು ನಿಯಮ ಮಾಡಿದ್ದೇನೆ.

ಅವಳ ತಂದೆ ಬಂದು, "ಅಷ್ಟು ದೂರ ಹುಡುಗಿಯನ್ನ ಒಬ್ಬಳೇ ಕಳಿಸೋದು ಹೇಗೆ ಮೇಡಂ?" ಎಂದು ಕೇಳಿದರು. ಕೇಳಬೇಕಾದ ಮಾತೇ. ಹಾಸ್ಟೆಲ್ ಎಲ್ಲಿ, ಊಟ ಎಲ್ಲಿ, ಮೇಲ್ವಿಚಾರಕರು ಯಾರು ಎಂದು ಬರೆದು ಕೊಟ್ಟೆ. ಹಿಂದೆ ಹೋಗಿ ಬಂದ ಒಬ್ಬಳ ಜೊತೆ ಫೋನಿನಲ್ಲಿ ಮಾತಾಡಿಸಿದೆ. ನನ್ನ ಮಾತಿಗಿಂತ ಆ ಫೋನ್ ಹೆಚ್ಚು ಕೆಲಸ ಮಾಡಿತು. ಸ್ಟೈಪೆಂಡ್ ಕೈಗೆ ಬರುವುದು ತಡವಾಗುತ್ತದೆ, ಮೊದಲ ತಿಂಗಳ ಖರ್ಚಿಗೆ ದುಡ್ಡು ಬೇಕು ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ನಮ್ಮ ಜಿಲ್ಲೆಗೆ ರೈಲಿಲ್ಲ. ಪರೀಕ್ಷೆ ಬರೆಯಲು ಮೈಸೂರಿಗೋ ಮಂಗಳೂರಿಗೋ ಹಿಂದಿನ ದಿನವೇ ಹೋಗಿ ಉಳಿಯಬೇಕಾಗುತ್ತದೆ. ಆ ಖರ್ಚನ್ನೂ ಅರ್ಧ ಪುಟದಲ್ಲಿ ಸೇರಿಸುತ್ತೇನೆ.

ಬೆಂಗಳೂರಿನ ಕಡೆಗೇ ಮುಖ ಮಾಡಿ ಕೂರುವುದು ಬೇಡ ಎಂದು ಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ. ಈ ಸಣ್ಣ ಜಿಲ್ಲೆಯೊಳಗೇ ಎಷ್ಟೊಂದು ಸಂಶೋಧನೆ ನಡೆಯುತ್ತಿದೆ! ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ. ಅದೇ ಚೆಟ್ಟಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ, ಕೊಡಗಿನ ಕಿತ್ತಳೆ, ಬೆಣ್ಣೆಹಣ್ಣು, ರಂಬುಟಾನ್ ಮೇಲೆ ಕೆಲಸ ಮಾಡುತ್ತಾರೆ. ಮಡಿಕೇರಿ ಹತ್ತಿರ ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಏಲಕ್ಕಿಯ ಕಟ್ಟೆ ರೋಗ ತಡೆಯುವ ತಳಿ ಬಂದದ್ದು ಅಲ್ಲಿಂದ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದಾದ ಜಾಗಗಳು. ಹಾಸ್ಟೆಲ್ ಖರ್ಚಿಲ್ಲ, ಮನೆಯವರಿಗೆ ಭಯವಿಲ್ಲ.

ಇಂಥ ಕಡೆ ಅವಕಾಶ ಪ್ರಕಟಣೆಯಾಗಿ ಬರುವುದು ಕಡಿಮೆ. ನಾವೇ ಕೇಳಬೇಕು. ವಿಭಾಗದ ಮುಖ್ಯಸ್ಥರ ಸಹಿ ಇರುವ ಒಂದು ಪತ್ರ, ವಿದ್ಯಾರ್ಥಿಯ ಒಂದು ಪುಟದ ಪರಿಚಯ, ಎಷ್ಟು ವಾರ, ಯಾವ ತಿಂಗಳು, ಯಾವ ವಿಷಯ ಎಂಬುದು ಸ್ಪಷ್ಟವಾಗಿ. ಏನಾದರೂ ಕಲಿಸಿ ಎಂದು ಬರೆದರೆ ಯಾರಿಗೂ ಉತ್ತರಿಸಲು ತೋಚುವುದಿಲ್ಲ. ಎರಡು ವಾರ ಬಿಟ್ಟು ಒಮ್ಮೆ ಫೋನ್ ಮಾಡಿ ವಿಚಾರಿಸುತ್ತೇನೆ. ಕೆಲಸ ಮುಗಿದ ಮೇಲೆ ವರದಿಯ ಒಂದು ಪ್ರತಿಯನ್ನು ಆ ಕೇಂದ್ರಕ್ಕೆ ಕಳಿಸುವುದು ಕಡ್ಡಾಯ. ಮುಂದಿನ ವರ್ಷದ ಮಕ್ಕಳಿಗೆ ಬಾಗಿಲು ತೆರೆದಿರುವುದು ಅದರಿಂದಲೇ.

ಮಳೆಯೂ ನಮ್ಮ ವಿಭಾಗದಲ್ಲಿ ಒಂದು ಸುದ್ದಿ. ಬೇಸಿಗೆಯ ಹೂಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ಕಾಫಿ ಹೂವಾಗುತ್ತದೆ, ನಾಲ್ಕೇ ದಿನದಲ್ಲಿ ಮುಗಿಯುತ್ತದೆ. ರೊಬಸ್ಟಾಕ್ಕೆ ತನ್ನದೇ ಪರಾಗ ಸಾಲದು, ಬೇರೆ ಗಿಡದ್ದು ಬೇಕು. ಹೆಜ್ಜೇನು, ತುಡುವೆ ಜೇನು ಎಷ್ಟು ಬರುತ್ತವೆ ಎಂದು ಎಣಿಸುವ ಪ್ರಾಜೆಕ್ಟಿಗೆ ವರ್ಷದಲ್ಲಿ ಇರುವ ಅವಕಾಶ ಅಷ್ಟೇ. ಅದಕ್ಕೆ ಯಾರ ಊರಿನಲ್ಲಿ ಮಳೆ ಬಿದ್ದರೂ ಅಂದೇ ಗ್ರೂಪಿಗೆ ತಿಳಿಸಬೇಕು ಎಂದು ಹೇಳಿದ್ದೇನೆ. ಸ್ವಂತ ತೋಟದಲ್ಲಿ, ಮಾಲೀಕರು ಒಪ್ಪಿದ ತೋಟದಲ್ಲಿ ಹಕ್ಕಿ, ಜೇನು ಎಣಿಸಲು ಸರ್ಕಾರದ ಅನುಮತಿ ಬೇಡ. ಆದರೆ ಪುಷ್ಪಗಿರಿ, ಬ್ರಹ್ಮಗಿರಿಯಂಥ ಅಭಯಾರಣ್ಯದಲ್ಲಿ ಅಧ್ಯಯನ ಮಾಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ದೇವರಕಾಡಿಗೆ ಹೋಗುವ ಮೊದಲು ಊರಿನ ಸಮಿತಿಯವರನ್ನು ಕಂಡು ಕೇಳಲೇಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಮೋಸದ ಬಗ್ಗೆಯೂ ಎಚ್ಚರಿಸುತ್ತೇನೆ. ದುಡ್ಡು ಕೊಟ್ಟರೆ ಮನೆಯಲ್ಲೇ ಕೂತು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಎನ್ನುವ ಸಂದೇಶಗಳು ಬಹಳ ಬರುತ್ತವೆ. ಕೆಲವು ಸರ್ಕಾರಿ ಸಂಸ್ಥೆಗಳೂ ತರಬೇತಿ ಶುಲ್ಕ ತೆಗೆದುಕೊಳ್ಳುತ್ತವೆ ನಿಜ. ಆದರೆ ಆ ಹಣ ಸಂಸ್ಥೆಯ ಖಾತೆಗೆ ಹೋಗುತ್ತದೆ, ರಸೀದಿ ಕೊಡುತ್ತಾರೆ. ಯಾರದೋ ಮೊಬೈಲ್ ನಂಬರಿಗೆ ಹಣ ಕಳಿಸಿ ಎಂದರೆ ಅಲ್ಲಿಗೇ ಬಿಟ್ಟುಬಿಡಿ ಎನ್ನುತ್ತೇನೆ.

ವಾರಕ್ಕೊಮ್ಮೆ ಪ್ರಾಕ್ಟಿಕಲ್ ಶುರುವಾಗುವ ಮೊದಲು ಕಾಲು ಗಂಟೆ ಎಲ್ಲರೂ ಸೇರುತ್ತೇವೆ. ಸುದ್ದಿಯನ್ನು ನಾನು ಓದುವುದಿಲ್ಲ, ಮಕ್ಕಳೇ ಓದುತ್ತಾರೆ. ಯಾರಿಗೆ ಎಲ್ಲಿ ಸೀಟು ಸಿಕ್ಕಿತು ಎಂಬುದರ ಜೊತೆಗೆ, ಅರ್ಜಿ ಹಾಕಿ ಆಯ್ಕೆಯಾಗದವರೂ ಎದ್ದು ಹೇಳುತ್ತಾರೆ. ಸಂದರ್ಶನದಲ್ಲಿ ಏನು ಕೇಳಿದರು, ಎಲ್ಲಿ ಉತ್ತರ ಬರಲಿಲ್ಲ ಎಂದು. ಅವರ ಮಾತಿಗೇ ಎಲ್ಲರೂ ಪೆನ್ನು ಹಿಡಿಯುತ್ತಾರೆ. ಕೊನೆಗೆ ನೆಟ್ ಪರೀಕ್ಷೆಯ ಮೊದಲ ಭಾಗದಿಂದ ಒಂದು ಲೆಕ್ಕ ಬಿಡಿಸುತ್ತೇವೆ. 200ರಲ್ಲಿ 30 ಅಂಕ ಅದಕ್ಕಿದೆ, ಜೀವವಿಜ್ಞಾನದವರು ಗಣಿತ ಎಂದು ಹೆದರಿ ಅದನ್ನು ಬಿಟ್ಟುಬಿಡುತ್ತಾರೆ. ಶೇಕಡಾವಾರು, ಗ್ರಾಫ್ ಓದುವುದು, ಇಂಥವೇ ಇರುತ್ತವೆ. ದಿನಾ ಒಂದು ಮಾಡಿದರೆ ಹೆದರಿಕೆ ಹೋಗುತ್ತದೆ.

ಈ ವರ್ಷ ಈ ಕೆಲಸದ ಒಂದು ಪಾಲನ್ನು ಎರಡನೇ ವರ್ಷದ ಎಂ.ಎಸ್ಸಿಯವರಿಗೆ ಕೊಟ್ಟಿದ್ದೇನೆ. ಅರ್ಧ ಪುಟ ಬರೆಯುವುದು ಅವರು, ತಿದ್ದುವುದು ನಾನು. ಬೇಸಿಗೆ ಫೆಲೋಶಿಪ್‌ಗೆ ಕೆಲವರು ಆಗಲೇ ಕನ್ನಡದ ಕರಡು ತಂದುಕೊಟ್ಟಿದ್ದಾರೆ. ಒಬ್ಬ ಹುಡುಗ ತನ್ನ ಮನೆಯ ಕಾಳುಮೆಣಸಿನ ಬಳ್ಳಿಗೆ ಬಂದ ಸೊರಗು ರೋಗದ ಬಗ್ಗೆ ಬರೆದಿದ್ದಾನೆ. ಯಾವ ಇಳಿಜಾರಿನ ಬಳ್ಳಿ ಮೊದಲು ಸತ್ತಿತು, ನೀರು ಎಲ್ಲಿ ನಿಲ್ಲುತ್ತದೆ ಎಂದು ನಕ್ಷೆಯನ್ನೂ ಬಿಡಿಸಿದ್ದಾನೆ. ಫೆಲೋಶಿಪ್ ಫಲಿತಾಂಶ ಬರುವವರೆಗೆ ಅವನು ಕಾಯುವುದು ಬೇಡ. ಅಪ್ಪಂಗಳಕ್ಕೆ ಈ ವಾರವೇ ಪತ್ರ ಹೋಗಬೇಕು.