ಗುಟ್ಟಿನ ಮಾತ್ರೆ ಬಿಡುವುದು ಹೇಗೆ?

ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರೊಬ್ಬರು ನನಗೆ ಪರಿಚಯ. ಮೆಕ್ಕೆಜೋಳದ ತೂಕದಲ್ಲಿ ಒಂದು ಕಿಲೋ ಕೂಡ ತಪ್ಪಿದವರಲ್ಲ. ಬೆನ್ನುನೋವಿಗೆಂದು ಐದು ದಿನಕ್ಕೆ ಬರೆದುಕೊಟ್ಟ ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು ಅವರು ಎರಡು ವರ್ಷ ನುಂಗಿದ್ದರು. ದಿನಕ್ಕೆ ಎಷ್ಟು ಎಂದು ಆಪ್ತ ಸಮಾಲೋಚಕರು ಕೇಳಿದಾಗ ‘ನಾಲ್ಕೈದು ಇರಬಹುದು’ ಎಂದರು. ಮನೆಗೆ ಬಂದು ಎಣಿಸಿದರೆ ಹನ್ನೊಂದು! ಹಳೇ ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿ, ಹರಿಹರದಲ್ಲಿ ಇನ್ನೊಂದು, ಹೀಗೆ ಸರದಿಯ ಮೇಲೆ ಕೊಳ್ಳುತ್ತಿದ್ದರು. ಸ್ಕೂಟರಿನ ಸೀಟಿನಡಿ ಬಚ್ಚಿಡುತ್ತಿದ್ದರು. ಹೆಂಡತಿಗೆ ಸುಳಿವೇ ಇರಲಿಲ್ಲ. ಕುಡಿದು ಬಂದರೆ ವಾಸನೆ ಹೊಡೆಯುತ್ತದೆ, ಮಾತ್ರೆಗೆ ಆ ಕಾಟವಿಲ್ಲ.

ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಬೆರೆತ ಕೆಮ್ಮಿನ ಸಿರಪ್‌ಗಳು ಅಫೀಮಿನ ಬಳಗಕ್ಕೆ ಸೇರಿದ ಔಷಧಗಳು. ಇವುಗಳಿಗೆ ಓಪಿಯಾಯ್ಡ್ ಎಂದು ಹೆಸರು. ಟ್ರಮಡಾಲ್ 2018ರಿಂದ ಮಾದಕ ವಸ್ತುಗಳ ಕಾಯ್ದೆಯ ಹಿಡಿತದಲ್ಲಿದೆ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡರೆ ಹೆದರಬೇಕಿಲ್ಲ. ನೋವು ಹೋದ ಮೇಲೂ ಮಾತ್ರೆ ಬೇಕೆನಿಸಿದರೆ, ಮೊದಲಿನಷ್ಟಕ್ಕೆ ಏನೂ ಆಗದೆ ಪ್ರಮಾಣ ಏರುತ್ತಿದ್ದರೆ ಎಚ್ಚರವಾಗಿ. ಇನ್ನೂ ಒಂದು ಗುರುತಿದೆ. ಅರ್ಧ ದಿನ ತಪ್ಪಿದರೆ ಆಕಳಿಕೆ, ಮೂಗು-ಕಣ್ಣು ಸೋರುವುದು, ಮೈ ನವಿರೇಳುವುದು, ಹೊಟ್ಟೆ ನುಲಿಯುವುದು. ಶೀತಜ್ವರವೆಂದು ಬಗೆದು ಇನ್ನೊಂದು ಮಾತ್ರೆ ನುಂಗಿದ ಕೂಡಲೇ ‘ಜ್ವರ’ ಮಾಯವಾಗುತ್ತದೆ. ಅದು ಜ್ವರವಲ್ಲ.

ಮೊದಲು ಎಣಿಸಿ

ಒಂದು ಹಾಳೆ ತೆಗೆದುಕೊಂಡು ಮೂರು ದಿನ ಬರೆಯಿರಿ: ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ. ಟ್ರಮಡಾಲ್‌ಗೆ ವಯಸ್ಕರ ದಿನದ ಮಿತಿ ಸಾಮಾನ್ಯವಾಗಿ 400 ಮಿಲಿಗ್ರಾಂ. ನಮ್ಮ ಗುಮಾಸ್ತರದು 50ರಂತೆ ಹನ್ನೊಂದು, ಅಂದರೆ 550. ಪ್ರಮಾಣ ಏರಿದಷ್ಟೂ ಫಿಟ್ಸ್ ಬರುವ ಭಯ. ಪ್ಯಾರಾಸಿಟಮಾಲ್ ಬೆರೆತ ಮಾತ್ರೆಯಾದರೆ ಯಕೃತ್ತಿಗೂ ಪೆಟ್ಟು. ನಿದ್ರೆ ಮಾತ್ರೆ, ಮದ್ಯ ಜೊತೆಗಿದ್ದರೆ ಅದನ್ನೂ ಬರೆಯಿರಿ, ಉಸಿರು ನಿಲ್ಲಿಸುವ ಜೋಡಿ ಅದು. ಈ ಹಾಳೆಯಿಲ್ಲದೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಒಬ್ಬರಿಗೆ ಹೇಳಿ

ಎಲ್ಲರಿಗೂ ಬೇಡ. ಬೈಯದೆ ಕೇಳಬಲ್ಲ ಒಬ್ಬರು ಸಾಕು: ಹೆಂಡತಿ, ಅಕ್ಕ, ಭಾವ, ಹಳೆಯ ಗೆಳೆಯ. ಗುಮಾಸ್ತರು ಹೇಳಿದ್ದು ಅಕ್ಕನಿಗೆ, ಅದೂ ಫೋನಿನಲ್ಲಿ. ಮನೆಯಲ್ಲಿ ಬಾಯಿ ಬರದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತನಾಡುತ್ತಾರೆ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಒಂದೇ ದಿನದಲ್ಲಿ ನಿಲ್ಲಿಸಬೇಡಿ

‘ನಾಳೆಯಿಂದ ಮುಟ್ಟುವುದಿಲ್ಲ’ ಎಂದು ದೇವರ ಮುಂದೆ ಆಣೆ ಮಾಡುವವರನ್ನು ಬಹಳ ನೋಡಿದ್ದೇನೆ. ಮೂರನೆಯ ದಿನ ಭೇದಿ, ಕಾಲು ಸೆಳೆತ, ನಿದ್ದೆಗೇಡು ತಡೆಯಲಾರದೆ ಮೆಡಿಕಲ್ ಶಾಪ್ ಮುಂದೆ ನಿಲ್ಲುತ್ತಾರೆ, ಮೇಲೆ ಆಣೆ ಮುರಿದ ಪಾಪಪ್ರಜ್ಞೆ ಬೇರೆ. ಗರ್ಭಿಣಿಯರಂತೂ ತಾವಾಗಿಯೇ ನಿಲ್ಲಿಸಲೇಬಾರದು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವನ್ನು ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದು ನಡೆಯುವ ಮನೋಚೈತನ್ಯ ಕ್ಲಿನಿಕ್ ಮಂಗಳವಾರದ್ದು, ಯಾವ ವಾರ ಎಂದು ಫೋನಿನಲ್ಲಿ ಕೇಳಿಕೊಂಡು ಬಸ್ ಹತ್ತಿ.

ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸಬಹುದು, ಇಲ್ಲವೇ ಇದೇ ಬಳಗದ, ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಡಬಹುದು. ‘ಒಂದು ಚಟ ಬಿಡಿಸಲು ಇನ್ನೊಂದೇ?’ ಎಂದು ಬೀಗರು ಕೊಂಕು ನುಡಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಅಮಲಿಗಲ್ಲ, ಮೈ ಕಾಟ ಅಡಗಿಸಿ ಮನಸ್ಸಿಗೆ ಬಿಡುವು ಕೊಡಲು.

ಸುದ್ದಿ ಊರಿಗೆ ಹರಡೀತೆಂಬ ಅಳುಕು ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟು ಕಾಯುವ ಹೊಣೆಯನ್ನು ಆಸ್ಪತ್ರೆಯ ಮೇಲೆ ಹೊರಿಸಿದೆ.

ಸಮಾಲೋಚನೆಯಲ್ಲಿ ಏನಾಗುತ್ತದೆ?

ಬುದ್ಧಿವಾದ ಹೇಳುತ್ತಾರೆಂದು ಜನ ತಿಳಿದಿದ್ದಾರೆ. ಒಳ್ಳೆಯ ಸಮಾಲೋಚಕರು ಮುಕ್ಕಾಲು ಹೊತ್ತು ಕೇಳುತ್ತಾರೆ. ನಮ್ಮ ಗುಮಾಸ್ತರಿಗೆ ಅವರು ಕೊಟ್ಟ ಕೆಲಸ ತಮಾಷೆಯಾಗಿತ್ತು: ಖಾತೆ ಪುಸ್ತಕ ಬರೆಯುವುದು. ಮಾತ್ರೆ ಬೇಕೆನಿಸಿದ ಹೊತ್ತು, ಎಲ್ಲಿದ್ದರು, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ನೋವು ಹತ್ತಕ್ಕೆ ಎಷ್ಟು. ಎರಡು ವಾರದ ಬಳಿಕ ಇಬ್ಬರೂ ಕೂತು ತಾಳೆ ನೋಡಿದರು. ಬೆಳಿಗ್ಗೆ ಚೀಲ ಎತ್ತಿಳಿಸುವ ಗದ್ದಲದಲ್ಲಿ, ಬೆನ್ನು ನಿಜಕ್ಕೂ ನೋಯುವಾಗ, ಬಯಕೆ ಕಡಿಮೆ. ಸಂಜೆ ಆರರ ಮೇಲೆ ಏರುತ್ತಿತ್ತು. ಆಗ ನೋವಿನ ಅಂಕಿ ಎರಡೋ ಮೂರೋ. ಸಂಜೆ ಆರಕ್ಕೆ ಏನು? ಮಗಳ ಮದುವೆಗೆ ಮಾಡಿದ ಕೈಸಾಲದವನ ಫೋನು. ಮಾತ್ರೆ ತಣಿಸುತ್ತಿದ್ದುದು ಬೆನ್ನನ್ನಲ್ಲ.

ಅಲ್ಲಿಂದ ಮಾತು ಸಾಲದ ಕಡೆ ತಿರುಗಿತು. ಸಾಲ ಕೊಟ್ಟವನ ಹತ್ತಿರ ಕಂತು ಮಾತನಾಡುವಾಗ ಭಾವನನ್ನು ಕರೆದೊಯ್ಯುವುದು, ಆರು ಗಂಟೆಗೆ ಒಬ್ಬರೇ ಇರದೆ ನಡೆಯಲು ಹೋಗುವುದು, ಹಳೆಯ ಅಂಗಡಿಗಳ ದಾರಿ ಬಿಡುವುದು, ಬಯಕೆ ಎದ್ದಾಗ ಅರ್ಧ ಗಂಟೆ ತಳ್ಳಿ ನೋಡುವುದು, ಅದು ಅಲೆಯಂತೆ ಏರಿ ಇಳಿಯುತ್ತದೆ. ಬೆನ್ನಿಗೆ ಫಿಸಿಯೋಥೆರಪಿ ಬೇರೆಯಾಗಿ ನಡೆಯಿತು. ನೋವಿಗೆ ದಾರಿ ತೋರದೆ ಮಾತ್ರೆ ಕಸಿಯುವುದು ಚಿಕಿತ್ಸೆಯಲ್ಲ.

ಮನೆಯವರು ಜೇಬು ತಡಕುವ ಪೊಲೀಸರಾಗಬೇಡಿ. ಮಾತ್ರೆಯ ಡಬ್ಬಿ ನಿಮ್ಮ ಕೈಯಲ್ಲಿರಲಿ, ಆ ದಿನದ್ದು ಆ ದಿನ ಕೊಡಿ.

ಎಡವಿದರೆ

ಎಡವುವವರೇ ಹೆಚ್ಚು. ಆದರೆ ಒಂದು ಮಾತನ್ನು ಗೋಡೆಗೆ ಅಂಟಿಸಿಕೊಳ್ಳಿ: ಕೆಲವು ವಾರ ಬಿಟ್ಟ ದೇಹಕ್ಕೆ ಹಳೆಯ ಪ್ರಮಾಣ ತಾಳುವ ಶಕ್ತಿ ಉಳಿದಿರುವುದಿಲ್ಲ. ಅಂದು ದಕ್ಕಿದ ಹನ್ನೊಂದು ಇಂದು ಜೀವ ತೆಗೆಯಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಗುಮಾಸ್ತರೂ ಎಡವಿದರು, ದುಗ್ಗಮ್ಮನ ಜಾತ್ರೆಗೆ ನೆಂಟರು ತುಂಬಿದ್ದ ಮನೆಯಲ್ಲಿ. ಮರುದಿನ ತಾವಾಗಿಯೇ ಸಮಾಲೋಚಕರ ಮುಂದೆ ಕೂತರು. ಅವರು ಹಳೆಯ ಪ್ರಶ್ನೆಯನ್ನೇ ಕೇಳಿದರು: ಎಷ್ಟು?

‘ಮೂರು. ಸಂಜೆ ಆರೂವರೆಗೆ, ಹಿತ್ತಲಲ್ಲಿ.’