ಪಾತ್ರಕ್ಕೆ ಬೆಲೆ ಕಟ್ಟದೆ ಕುರುಕ್ಷೇತ್ರ ಆಡಿಸಿದ ನನ್ನ ಅನುಭವ

ಹಾಸನದ ಸುತ್ತಮುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟರೆಲ್ಲರೂ ಕಂಡಿರುವ ದೃಶ್ಯವೊಂದಿದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಕರ್ಣನ ಪಾರ್ಟು ಮುಗಿಸಿದವರು ಬಣ್ಣ ಒರೆಸಿಕೊಂಡು, ಅಭಿಮಾನಿಗಳು ಹಾಕಿದ ಹಾರಗಳನ್ನು ಚೀಲಕ್ಕೆ ತುಂಬಿ, ನೆಂಟರ ಕಾರು ಹತ್ತಿ ಹೋಗಿರುತ್ತಾರೆ. ಗದಾಯುದ್ಧದ ವೇಳೆಗೆ ಪರದೆಯ ಮಗ್ಗುಲಲ್ಲಿ ಸೀನು ಎಳೆಯುವ ಹುಡುಗನ ಹೊರತು ಯಾರೂ ಉಳಿದಿರುವುದಿಲ್ಲ. ಮೂರು ತಿಂಗಳು ಒಂದೇ ಚಾಪೆಯ ಮೇಲೆ ಕುಳಿತು ಕಲಿತವರು ಒಂದೇ ರಾತ್ರಿಯಲ್ಲಿ ಪರಕೀಯರಾಗುವ ಈ ಪರಿಯನ್ನು ತಪ್ಪಿಸಲು ನಾನು ಮೂರು ಸುಗ್ಗಿ ಕಳೆಯಬೇಕಾಯಿತು.

ಇದರ ಮೂಲ ಪಾತ್ರದ ಹಣದಲ್ಲಿದೆ, ಅಂದರೆ ಪಾತ್ರ ಬೇಕೆನ್ನುವವರು ಅದಕ್ಕಾಗಿ ತಾವೇ ಕೊಡುವ ಹಣದಲ್ಲಿ. ನಮ್ಮಲ್ಲಿ ದುರ್ಯೋಧನನಿಗೆ ನಲವತ್ತು ಸಾವಿರ, ಕೃಷ್ಣನಿಗೆ ಅದಕ್ಕಿಂತ ಕೊಂಚ ಕಡಿಮೆ, ಸೈನಿಕನಿಗೆ ಎರಡೋ ಮೂರೋ ಸಾವಿರ ಎಂದು ಮೊದಲ ದಿನವೇ ನಿಗದಿಯಾಗುತ್ತದೆ. ಹೆಚ್ಚು ಕೊಟ್ಟವರು ಹೆಚ್ಚು ಹಾಡು ಕೇಳುತ್ತಾರೆ. ತಮ್ಮ ಕಡೆಯವರಿಂದಲೇ ಒನ್ಸ್‌ಮೋರ್ ಕೂಗಿಸಿಕೊಳ್ಳುತ್ತಾರೆ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಂಥ ವೃತ್ತಿನಾಟಕ ಮಂಡಳಿಗಳ ನಟರು ಕ್ಯಾಂಪಿನಲ್ಲಿ ಒಟ್ಟಿಗೆ ಉಂಡು ಮಲಗಿ ಬೆಳೆದವರು. ನಮ್ಮವರು ರಾಗಿ ಕೊಯ್ಲು ಮುಗಿದ ಮೇಲೆ ರಾತ್ರಿ ಎಂಟಕ್ಕೆ ಬಂದು ಹನ್ನೊಂದಕ್ಕೆ ಎದ್ದು ಹೋಗುವವರು.

ಆ ಒಗ್ಗಟ್ಟನ್ನು ಊಟದಿಂದಲೇ ತರಬಹುದೆಂದು ಭಾವಿಸಿ ಮೊದಲ ವರ್ಷ ಎರಡು ಬಾಡೂಟ ಹಾಕಿಸಿದೆ. ಸುಮಾರು ಹದಿನೈದು ಸಾವಿರ ಖರ್ಚಾಗಿ, ಕೇರಿಗೊಂದು ಪಂಕ್ತಿಯಾಗಿ, ಕೊನೆಗೆ ಜಗಳವೇ ಉಳಿಯಿತು. ಎರಡನೆಯ ವರ್ಷ ಎಲ್ಲರಿಗೂ ಸಮನಾಗಿ ಹನ್ನೆರಡು ಸಾವಿರವೆಂದು ಗೊತ್ತುಮಾಡಿದೆ. ನ್ಯಾಯವೆಂದು ನಾನು ತಿಳಿದದ್ದು ಕೂಲಿ ಮಾಡುವ ನಾಲ್ವರನ್ನು ತಾಲೀಮಿನಿಂದಲೇ ಹೊರಗೆ ಹಾಕಿತು. ಆ ನಡುವೆ ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳುಹಿಸಿ ನೋಡಿದೆ. ಪ್ರತಿಯೊಬ್ಬರೂ ತಮ್ಮ ಹಾಡನ್ನಷ್ಟೇ ಮನೆಯಲ್ಲಿ ಕಲಿತು ಬಂದರು, ಅದೂ ತಮತಮಗೆ ತೋಚಿದ ಶ್ರುತಿಯಲ್ಲಿ.

ಮೂರನೆಯ ವರ್ಷ ಮೊದಲು ಕಂಠ ನೋಡಿ ಪಾತ್ರ ಹಂಚಿದೆ. ಹಣವನ್ನು ಶಕ್ತ್ಯನುಸಾರ ಮುಚ್ಚಿದ ಲಕೋಟೆಯಲ್ಲಿ ಊರಿನ ಅಂಗಡಿಯವರೊಬ್ಬರ ಕೈಗೆ ಕೊಡಬೇಕೆಂದೂ, ಯಾರೆಷ್ಟು ಕೊಟ್ಟರೆಂಬುದು ನನಗೂ ತಿಳಿಯಬಾರದೆಂದೂ ಹೇಳಿದೆ. ‘ಮೇಷ್ಟ್ರೇ, ಹೀಗಾದರೆ ಸೀನರಿ ಬಾಡಿಗೆಗೂ ಹುಟ್ಟುವುದಿಲ್ಲ’ ಎಂದು ಹಿರಿಯರು ನಕ್ಕರು. ಪಕ್ಕದ ಊರಿನ ಮೇಷ್ಟರೊಬ್ಬರು ನನಗೆ ತಲೆ ಕೆಟ್ಟಿದೆಯೆಂದೇ ಸಾರಿದರು. ಎರಡು ಲಕ್ಷ ಮೂವತ್ತು ಸಾವಿರದಷ್ಟು ಬೇಕಿದ್ದಲ್ಲಿ ಲಕೋಟೆಗಳಿಂದ ಒಂದು ಲಕ್ಷ ತೊಂಬತ್ತರ ಆಸುಪಾಸು ಬಂತು.

ಇದಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದು ವಾರಕ್ಕೊಂದು ದಿನದ ಅದಲುಬದಲು ತಾಲೀಮು. ಆ ದಿನ ಯಾರೂ ತಮ್ಮ ಹಾಡು ಹಾಡುವಂತಿಲ್ಲ. ಕೃಷ್ಣನ ಕಂದವನ್ನು ಶಕುನಿ, ದ್ರೋಣನದನ್ನು ಅಭಿಮನ್ಯು ಹಾಡಬೇಕು. ಆಲೂಗಡ್ಡೆ ವ್ಯಾಪಾರ ಮಾಡುವ ನಮ್ಮ ದುರ್ಯೋಧನರದು ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲಿ ನಿಂತು ಗುಡುಗುವ ಕಂಠ. ವಿದುರನ ಪಾತ್ರದವರದು ಹೆಂಗಸರ ದನಿಯೆಂದು ಆಡಿಕೊಳ್ಳುತ್ತಿದ್ದ ಅವರು, ಸಿಂಧುಭೈರವಿ ರಾಗದ ವಿದುರನ ವಿಳಂಬದ ಹಾಡನ್ನು ತಾವೇ ಎತ್ತಿಕೊಂಡು ಎರಡನೆಯ ಸಾಲಿಗೇ ಉಸಿರು ಸಾಲದೆ ನಿಂತರು. ಮರುವಾರ ಅರ್ಧ ಗಂಟೆ ಮೊದಲೇ ಬಂದು ವಿದುರನ ಪಕ್ಕ ಕುಳಿತು ಅದನ್ನು ಹೇಳಿಸಿಕೊಳ್ಳುತ್ತಿದ್ದುದನ್ನು ನಾನು ಕಂಡೆ. ಯಾರ ಹಾಡನ್ನು ಯಾರ ಕೈಯಲ್ಲಿ, ಎಷ್ಟನೆಯ ವಾರ ಹಾಡಿಸಬೇಕೆಂಬ ಲೆಕ್ಕ ಮಾತ್ರ ನನ್ನಲ್ಲೇ ಇರಲಿ. ನನ್ನ ಹೊಟ್ಟೆಪಾಡು ಅದರ ಮೇಲಿದೆ.

ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆಯರ ಪಾತ್ರಕ್ಕೆ ಬರುವ ಕಲಾವಿದೆಯರು ಸಾಮಾನ್ಯವಾಗಿ ನಾಟಕದ ದಿನ ಸಂಜೆಯಷ್ಟೇ ಬಸ್ಸಿಳಿಯುತ್ತಾರೆ. ತಲೆಗೆ ಎರಡು ಸಾವಿರ ಹೆಚ್ಚು ಕೊಟ್ಟು ಅವರನ್ನು ಎರಡು ತಾಲೀಮಿಗೆ ಕರೆಸಿದೆ. ವರ್ಷಕ್ಕೆ ಹತ್ತಾರು ಊರುಗಳಲ್ಲಿ ಆಡುವ ಅವರಿಗೆ ಎಲ್ಲರ ಮಾತೂ ಬಾಯಿಪಾಠ. ಭೀಮನ ತಾಳ ತಪ್ಪುತ್ತಿದ್ದ ಜಾಗವನ್ನು ನನಗಿಂತ ಮೊದಲು ಹಿಡಿದವರು ದ್ರೌಪದಿಯ ಪಾತ್ರದವರು. ಅಂದಿನಿಂದ ಅವರನ್ನು ‘ಲೇಡೀಸ್ ಪಾರ್ಟು’ ಎನ್ನುತ್ತಿದ್ದವರೆಲ್ಲ ‘ಅಕ್ಕ’ ಎನ್ನತೊಡಗಿದರು.

ನಾಟಕದ ರಾತ್ರಿ ಒನ್ಸ್‌ಮೋರ್ ಕೂಗು ನಾಲ್ಕೈದು ಬಾರಿ ಎದ್ದರೂ ಕೃಷ್ಣನ ಪಾತ್ರದವರು ಕೈಮುಗಿದು ಮುಂದಿನ ಮಾತಿಗೆ ಹೋದರು. ಎಂದೂ ಬೆಳಗಿನ ಏಳೂವರೆ ಎಂಟಾಗುತ್ತಿದ್ದ ನಾಟಕ ಐದೂಮುಕ್ಕಾಲಿಗೆ ಮುಗಿಯಿತು. ಗದಾಯುದ್ಧದ ಹಾಡಿಗೆ ಹಾರ್ಮೋನಿಯಂನ ಬೆಲ್ಲೋಸ್ ಒತ್ತುತ್ತಾ ಪಕ್ಕಕ್ಕೆ ಹೊರಳಿದರೆ, ರಾತ್ರಿ ಒಂದಕ್ಕೇ ಸತ್ತಿದ್ದ ಅಭಿಮನ್ಯುವಿನಿಂದ ಹಿಡಿದು ಸೈನಿಕರವರೆಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಣ್ಣ ಕಳಚದೆ ರಂಗದ ಮಗ್ಗುಲಿನ ವಿಂಗಿನಲ್ಲಿ ನಿಂತು, ತುಟಿ ಆಡಿಸುತ್ತಾ ಒಳಗೊಳಗೇ ಹಾಡುತ್ತಿದ್ದರು. ಇಪ್ಪತ್ತೆರಡು ವರ್ಷಗಳ ನನ್ನ ಮೇಷ್ಟರಿಕೆಯಲ್ಲಿ ಅಂಥದ್ದನ್ನು ಕಂಡಿರಲಿಲ್ಲ.

ಕೊರತೆ ಬಿದ್ದ ನಲವತ್ತು ಸಾವಿರದಲ್ಲಿ ಹೆಚ್ಚಿನ ಪಾಲನ್ನು ತಂಡದವರೇ ಮತ್ತೆ ಲಕೋಟೆ ಹಾಕಿ ತುಂಬಿದರು. ನನಗೆ ಬರಬೇಕಾದ ಆರು ಸಾವಿರ ಬಾಕಿ ಇದೆ. ಮೊನ್ನೆ ಸಂತೆಯಲ್ಲಿ ಸಿಕ್ಕ ಶಕುನಿಯ ಪಾತ್ರದವರು ಅದನ್ನು ತಾವಾಗಿಯೇ ನೆನಪಿಸಿ, ಕೊಡುವ ಮಾತು ಬಿಟ್ಟು, ಮುಂದಿನ ತಾಲೀಮು ಎಂದಿನಿಂದ ಎಂದು ಕೇಳಿದರು.